ಹನೋಯ್‌ನಲ್ಲಿ ಬಕೆಟ್ಟು, ಸೋಪು ಮತ್ತು ವಿಭೂತಿ

ಪರದೇಶಕ್ಕೆ ಹೋದವರನ್ನು ಆಟ ಆಡಿಸುವುದು ದೊಡ್ಡ ಸಾಮಾನಲ್ಲ, ಮನೆಯ ಬಚ್ಚಲಲ್ಲಿ ದಿನಾ ಕೈಗೆ ಸಿಗುವ ಸಣ್ಣ ಸಾಮಾನು. ಹೋಗಿಬಂದವರನ್ನು ಯಾರನ್ನೇ ಕೇಳಿದರೂ ಇಂಥದ್ದೊಂದು ಕತೆ ಇರುತ್ತದೆ. ನಾನು ನನಗೆ ಆಗಿದ್ದನ್ನು ಮಾತ್ರ ಬರೆಯುತ್ತೇನೆ. ಅಂಗಡಿಯ ಚೀಟಿ ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲ, ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ.

ನನ್ನದು ಹೊಳಲ್ಕೆರೆಯಲ್ಲಿ ಕಿರಾಣಿ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಸೋಪು, ಪೇಸ್ಟು, ಶಾಂಪೂ ಮಾರುತ್ತಿದ್ದೇನೆ. ಒಂದು ಸೋಪಿನ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ವಿಯೆಟ್ನಾಂಗೆ ಕರೆದುಕೊಂಡು ಹೋದರು. ಒಬ್ಬೊಬ್ಬರಿಗೆ ಎರಡು ಸೀಟು. ಅಂಗಡಿ ಬಾಗಿಲು ಹಾಕುವ ಹಾಗಿಲ್ಲವಲ್ಲ, ಅದಕ್ಕೆ ನನ್ನ ಹೆಂಡತಿ, ಅಂಗಡಿ ನಾನು ನೋಡಿಕೊಳ್ಳುತ್ತೇನೆ, ನಿಮ್ಮವ್ವನನ್ನು ಕರೆದುಕೊಂಡು ಹೋಗಿ ಅಂದಳು. ಜೊತೆಗೆ ಒಂದು ಎಚ್ಚರಿಕೆ. ಅವ್ವನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಿಸಿ ಮಾತ್ರೆ ಕೊಡಬೇಕು, ತಡವಾದರೆ ಕೈ ನಡುಗಿ ಕಣ್ಣು ಕತ್ತಲೆ ಬರುತ್ತದೆ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮವ್ವ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಒಂದು ಗುಟುಕು ನೀರೂ ಕುಡಿಯುವುದಿಲ್ಲ. ನಾನು ಹುಟ್ಟಿದ ದಿನವೂ ನನ್ನನ್ನು ಪಕ್ಕಕ್ಕೆ ಮಲಗಿಸಿ, ಪೂಜೆ ಮುಗಿಸಿಕೊಂಡೇ ಎತ್ತಿಕೊಂಡಳಂತೆ.

೧. ಬಾರದ ಸೂಟ್‌ಕೇಸು

ಬೆಳಗ್ಗೆ ಹನೋಯ್ ಏರ್‌ಪೋರ್ಟಿನಲ್ಲಿ ಇಳಿದೆವು. ಎಲ್ಲರ ಸೂಟ್‌ಕೇಸೂ ಬೆಲ್ಟಿನ ಮೇಲೆ ಬಂದವು, ನಮ್ಮದು ಬರಲಿಲ್ಲ. ಬೆಲ್ಟು ನಿಂತ ಮೇಲೂ ನಾನು ಅದರ ಬಾಯಿಗೆ ಬಗ್ಗಿ ನೋಡಿದೆ. ಬೇರೆ ವಿಮಾನಕ್ಕೆ ಹೋಗಿದೆ, ನಾಳೆ ಬರುತ್ತದೆ ಎಂದು ಗೈಡು ಹೇಳಿ, ಅರ್ಜಿ ತುಂಬಿಸಲು ಅಲ್ಲೇ ಉಳಿದುಕೊಂಡ. ನಮ್ಮನ್ನು ಬಸ್ಸು ಹತ್ತಿಸಿ ಹೋಟೆಲಿಗೆ ಕಳಿಸಿದ.

ಲಿಂಗವೇನೋ ಅವ್ವನ ಕೊರಳಲ್ಲೇ ಇತ್ತು. ಬದಲಿ ಸೀರೆಯೊಂದು ಮತ್ತು ಮಾತ್ರೆ ಅವಳ ಕೈಚೀಲದಲ್ಲಿದ್ದವು. ಆದರೆ ವಿಭೂತಿ ಗಟ್ಟಿ ಸೂಟ್‌ಕೇಸಿನಲ್ಲಿತ್ತು. ಅದನ್ನು ಅಲ್ಲಿ ಹಾಕಿಸಿದವನು ನಾನೇ. ಅವ್ವ ಸೆರಗಿಗೆ ಕಟ್ಟಿಕೊಳ್ಳುತ್ತೇನೆ ಅಂದಿದ್ದಳು. ಬಿಳಿ ಗಟ್ಟಿ ಕಂಡರೆ ತಪಾಸಣೆಯವರು ಏನೇನೋ ಅಂದುಕೊಂಡಾರು ಎಂದು ನಾನು ಬಿಟ್ಟಿರಲಿಲ್ಲ.

ನಮ್ಮ ಗುಂಪಿನಲ್ಲಿ ಹಿರಿಯೂರಿನ ವ್ಯಾಪಾರಿಯೊಬ್ಬರಿದ್ದರು, ಒಳ್ಳೆಯ ಮಾತುಗಾರರು. ಬಸ್ಸಿನಲ್ಲಿ ಅವ್ವನಿಗೆ ಸಮಾಧಾನ ಮಾಡಲು, ನಿಮ್ಮ ಸೂಟ್‌ಕೇಸು ಪಾಪ ಎಲ್ಲೋ ಒಂದೇ ಕಷ್ಟಪಡುತ್ತಿರಬೇಕು ಅಂದರು.

ಅವ್ವ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಅದಕ್ಕೇನಪ್ಪ ಕಷ್ಟ? ಸೋಪು ಐತೆ, ಚೊಂಬು ಐತೆ, ವಿಭೂತಿನೂ ಐತೆ. ಸ್ನಾನ ಪೂಜೆ ಮುಗಿಸ್ಕಂಡು ಆರಾಮಾಗಿ ಕುಂತಿರುತ್ತೆ."

೨. ಹೋಟೆಲಿನವರು ಕೊಟ್ಟ ಕೊಡೆ

ಮೊದಲು ಸ್ನಾನವಾಗಬೇಕು. ಹೋಟೆಲಿನ ಬಚ್ಚಲಲ್ಲಿ ನಲ್ಲಿ ಇರಲಿಲ್ಲ, ಚಾವಣಿಯಿಂದ ನೀರು ಸುರಿಯುವ ಶವರ್ ಮಾತ್ರ ಇತ್ತು. ಅದರ ಕೆಳಗೆ ನಿಂತರೆ ತಲೆ ನೆನೆಯುತ್ತದೆ. ಅವ್ವನಿಗೆ ತಲೆಸ್ನಾನ ವಾರಕ್ಕೆ ಒಂದೇ ದಿನ, ಆವತ್ತು ಆ ದಿನವಲ್ಲ. ಉದ್ದ ಕೂದಲು, ಹಸಿಯಾದರೆ ಶೀತ ಹಿಡಿಯುತ್ತದೆ.

ಬಕೆಟ್ಟು ಚೊಂಬು ಕೇಳೋಣವೆಂದು ಕೆಳಗೆ ಹೋದೆ. ಅಲ್ಲಿ ಕೂತಿದ್ದ ಹುಡುಗಿಗೂ ನನಗೂ ಮಾತು ಕೂಡಿಬರಲಿಲ್ಲ. ನನ್ನ ಫೋನಿನಲ್ಲಿ ಇನ್ನೂ ಆ ದೇಶದ ಸಿಮ್ ಇರಲಿಲ್ಲ. ಹಾಗಾಗಿ ಕೈಸನ್ನೆ ಮಾಡಿದೆ. ಬಗ್ಗಿ ನೀರು ಮೊಗೆದು, ಎತ್ತಿ ಮೈಮೇಲೆ ಸುರಿದುಕೊಂಡಂತೆ ತೋರಿಸಿದೆ. ಅರ್ಥವಾಗಲಿ ಎಂದು ಮೂರು ನಾಲ್ಕು ಸಲ ಸುರಿದುಕೊಂಡೆ. ಅವಳು ಗಮನವಿಟ್ಟು ನೋಡಿದಳು. ಎದ್ದು ಬಾಗಿಲಿಗೆ ಹೋಗಿ ಆಕಾಶ ನೋಡಿದಳು. ಒಳಗೆ ಹೋಗಿ ಒಂದು ಕೊಡೆ ತಂದುಕೊಟ್ಟಳು.

ಅಷ್ಟು ನಗುತ್ತಾ ಕೊಟ್ಟಳು, ಬೇಡ ಅನ್ನಲಾಗಲಿಲ್ಲ. ಕೊಡೆ ಹಿಡಿದು ರೂಮಿಗೆ ಬಂದು ನಡೆದಿದ್ದನ್ನು ಹೇಳಿದೆ. ಅವ್ವ ಒಂದು ಸಲ ಕೊಡೆ ನೋಡಿದಳು, ಒಂದು ಸಲ ಶವರ್ ನೋಡಿದಳು.

"ಹುಡುಗಿ ಬುದ್ಧಿವಂತೆ ಕಣೋ. ಇದನ್ನ ಹಿಡ್ಕಂಡು ನಿಂತ್ರೆ ತಲೆ ನೆನೆಯಲ್ಲ."

೩. ಸೋಪಿನ ವ್ಯಾಪಾರಿ

ಹೋಟೆಲಿನ ಎದುರಿಗೇ ಒಂದು ಅಂಗಡಿ, ಅವ್ವನನ್ನೂ ಕರೆದುಕೊಂಡು ಹೋದೆ. ನಡೆಸುವವಳು ಐವತ್ತರ ಆಸುಪಾಸಿನ ಹೆಂಗಸು. ನನಗೆ ಅಲ್ಲಿ ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಬಾಗಿಲಲ್ಲಿ ಶಾಂಪೂ ಪ್ಯಾಕೆಟ್ಟುಗಳನ್ನು ಸರವಾಗಿ ಇಳಿಬಿಟ್ಟಿದ್ದರು, ಥೇಟ್ ನಮ್ಮ ಅಂಗಡಿಯ ಹಾಗೆ. ನೋಡಿ ಖುಷಿಯಾಗಿ, ತಿರುಚಿಕೊಂಡಿದ್ದ ಒಂದು ಸರವನ್ನು ಸರಿ ಮಾಡಿದೆ. ಮೂಲೆಯಲ್ಲಿ ನೆಲದ ಮೇಲೇ ಒಂದು ಕೆಂಪು ದೇವರ ಗೂಡು, ಅದರ ಮುಂದೆ ಹಣ್ಣು, ನೀರು, ಊದುಬತ್ತಿ ಸಿಕ್ಕಿಸಿದ ಬಟ್ಟಲು. ನಾವು ದೇವರನ್ನು ಗೋಡೆಯ ಮೇಲೆ ಎತ್ತರಕ್ಕೆ ಇಡುತ್ತೇವೆ, ಇವರೇಕೆ ನೆಲಕ್ಕಿಟ್ಟಿದ್ದಾರೆ ಎಂದು ಕೇಳುವ ಆಸೆಯಿತ್ತು, ಭಾಷೆಯಿರಲಿಲ್ಲ.

ಬಕೆಟ್ಟು ಸಿಕ್ಕಿತು. ಚೊಂಬು ಸಿಗದೆ, ಹಿಡಿ ಇರುವ ಒಂದು ಸಣ್ಣ ಪಾತ್ರೆ ಆರಿಸಿದೆವು. ಆಮೇಲೆ ಸೋಪು. ಅವ್ವ ಒಂದನ್ನು ಕೈಗೆತ್ತಿಕೊಂಡು, ಇದಕ್ಕೆ ಪ್ರಾಣಿಯ ಕೊಬ್ಬು ಹಾಕಿದ್ದಾರಾ ನೋಡು ಅಂದಳು. ಅಕ್ಷರಗಳ ಮೇಲೂ ಕೆಳಗೂ ಚುಕ್ಕೆ, ಗೆರೆ. ನನಗೆ ಓದಲಾಗುವುದಿಲ್ಲ ಅಂದೆ.

"ನಿನ್ನ ಅಂಗಡೀಲಿ ಯಾರಾದ್ರೂ ಹಿಂಗೇ ಕೇಳಿದ್ರೆ ಏನಂತೀಯ?"

"ಏನೂ ಇಲ್ಲ, ತಗಳ್ರಿ ಅಂತೀನಿ."

"ಓದಿ ಹೇಳ್ತೀಯ?"

ನಾನು ಬಕೆಟ್ಟಿನ ಹಿಡಿ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸತೊಡಗಿದೆ. ಅವ್ವ ಸೋಪನ್ನು ಇದ್ದಲ್ಲೇ ಇಟ್ಟು, ಅಡುಗೆ ಸಾಮಾನಿನ ಕಡೆ ಹೋಗಿ, ಒಂದು ಹೆಸರುಹಿಟ್ಟಿನ ಪೊಟ್ಟಣ ಹಿಡಿದು ಬಂದಳು. ಪೊಟ್ಟಣದ ಮೇಲೆ ಹೆಸರುಕಾಳಿನ ಚಿತ್ರವಿತ್ತು, ಅನುಮಾನಕ್ಕೆ ಜಾಗವಿರಲಿಲ್ಲ. ಅವ್ವನ ಚಿಕ್ಕಂದಿನಲ್ಲಿ ಅವರ ಮನೆಯವರೆಲ್ಲ ಮೈಗೆ ತಿಕ್ಕುತ್ತಿದ್ದದ್ದೂ ಅದನ್ನೇ.

ಹೀಗೆ, ಸೋಪು ಮಾರಿ ಗಿಟ್ಟಿಸಿದ ಪ್ರವಾಸದಲ್ಲಿ ನನ್ನ ತಾಯಿ ಹೆಸರುಹಿಟ್ಟು ಹಚ್ಚಿಕೊಂಡು ಸ್ನಾನ ಮಾಡಿದಳು. ಕಂಪನಿಯವರಿಗೆ ಇದನ್ನು ಇನ್ನೂ ಹೇಳಿಲ್ಲ.

೪. ಮೂರು ಗೆರೆ

ಸ್ನಾನ ಮುಗಿಯುವ ಹೊತ್ತಿಗೆ ಹನ್ನೊಂದೂವರೆ. ಅವ್ವ ಸೀರೆಯ ನೆರಿಗೆ ಹಿಡಿಯುವಾಗ ಬೆರಳು ನಡುಗುತ್ತಿದ್ದವು. ನನಗೆ ಹೆದರಿಕೆಯಾಯಿತು. ಇವತ್ತೊಂದು ದಿನ ಹಾಗೇ ಪೂಜೆ ಮಾಡಿ ಏನಾದರೂ ತಿನ್ನು, ತಪ್ಪೆಲ್ಲ ನನ್ನದು ಎಂದು ಬೇಡಿಕೊಂಡೆ. ಬೋಳು ಹಣೆಯಲ್ಲಿ ಅವಳು ಒಂದು ದಿನವೂ ಪೂಜೆಗೆ ಕೂತಿಲ್ಲ.

"ನಡಿ, ಅದೇ ಅಂಗಡಿಗೆ ಹೋಗಾಣ," ಅಂದಳು.

ನಾನು ಮಕ್ಕಳ ಪೌಡರಿನ ಡಬ್ಬಿ ತೋರಿಸಿದೆ, ಬಣ್ಣ ಬಿಳಿಯೇ ಇತ್ತು. ಅವ್ವ ಮೂಸಿ ನೋಡಿ ವಾಪಸು ಕೊಟ್ಟಳು. ತಾನೇ ಮುಂದೆ ಹೋಗಿ, ಅಂಗಡಿಯವಳಿಗೆ ಕಾಣುವಂತೆ ಮೂರು ಬೆರಳನ್ನು ಹಣೆಯ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದು ತೋರಿಸಿದಳು. ಆ ಹೆಂಗಸು ಅವ್ವನ ನಡುಗುವ ಕೈ ನೋಡಿದಳು, ಬಾಡಿದ ಮುಖ ನೋಡಿದಳು. ಒಂದು ಪ್ಲಾಸ್ಟಿಕ್ ಸ್ಟೂಲು ತಂದು ಕೂರಿಸಿದಳು. ಒಳಗಿಂದ ಒಂದು ಸಣ್ಣ ಡಬ್ಬಿ ತಂದು, ನಾನು ಏನು ಅನ್ನುವಷ್ಟರಲ್ಲಿ ಅದರಲ್ಲಿ ಬೆರಳದ್ದಿ, ಅವ್ವ ತೋರಿಸಿದ ಹಾಗೆಯೇ ಮೂರು ಗೆರೆ ಎಳೆದುಬಿಟ್ಟಳು. ತಲೆನೋವಿನ ಮುಲಾಮು. ನಮ್ಮ ಕಡೆ ಸಿಗುವುದಕ್ಕಿಂತ ಎರಡು ಪಟ್ಟು ಘಾಟು.

ಒರೆಸಿಬಿಡಲೇ ಎಂದು ನಾನು ಕರ್ಚೀಫು ತೆಗೆದೆ. ಅವ್ವ ಕೈಯಡ್ಡ ಹಿಡಿದಳು. ಅವಳ ಕಣ್ಣು ಮೂಲೆಯ ದೇವರ ಗೂಡಿನ ಮೇಲಿತ್ತು. ಬಟ್ಟಲಿನ ಕೆಳಗಿನ ತಟ್ಟೆಯಲ್ಲಿ ಊದುಬತ್ತಿಯ ಬೂದಿ ಬಿದ್ದಿತ್ತು.

"ಅದು ದೇವರ ಮುಂದೆ ಉರಿದ ಬೂದಿ ತಾನೆ? ಅದನ್ನ ಕೇಳು."

ನಾನು ತಟ್ಟೆ ತೋರಿಸಿ ಕೈಮುಗಿದೆ. ಅಂಗಡಿಯವಳು ಮೊದಲು ಬಟ್ಟಲಿಗೆ ಕೈಯಡ್ಡ ಇಟ್ಟಳು. ಅದನ್ನು ಮುಟ್ಟಬಾರದೆಂದು ಕಾಣುತ್ತದೆ. ಅವ್ವ ಸೆರಗಿನ ಮರೆಯಿಂದ ಕೊರಳಿನ ಲಿಂಗ ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. ಆ ಹೆಂಗಸು ಬಗ್ಗಿ, ಲಿಂಗವನ್ನೂ ಅವ್ವನ ಮುಖವನ್ನೂ ತುಂಬ ಹೊತ್ತು ನೋಡಿದಳು. ಆಮೇಲೆ ತನ್ನ ದೇವರಿಗೆ ಮೂರು ಊದುಬತ್ತಿ ಹಚ್ಚಿ, ಏನೋ ಗೊಣಗಿ, ತಟ್ಟೆಗೆ ಉದುರಿದ ಬೂದಿಯನ್ನು ಕಾಗದದಲ್ಲಿ ಬಳಿದು ಕೊಟ್ಟಳು.

ಅವ್ವ ಅದನ್ನು ಮುಲಾಮಿನ ಮೇಲೆಯೇ ಎಳೆದಳು. ಜಿಡ್ಡಿದ್ದಿದ್ದರಿಂದ ಚೆನ್ನಾಗಿ ಹಿಡಿಯಿತು. ಅಷ್ಟು ಅಚ್ಚುಕಟ್ಟಾದ ಮೂರು ಗೆರೆಯನ್ನು ಅವಳ ಹಣೆಯಲ್ಲಿ ನಾನು ಊರಲ್ಲೂ ನೋಡಿರಲಿಲ್ಲ. ಸ್ಟೂಲಿನ ಮೇಲೇ ಕೂತು ಪೂಜೆ ಶುರು ಮಾಡಿದಳು. ಮುಲಾಮು ಕರಗಿ ಕೆಳಗಿಳಿಯತೊಡಗಿತು. ಕಣ್ಣು ಮುಚ್ಚಿದ್ದರೂ ಎರಡೂ ಕಡೆಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಅವಳು ಮಾತ್ರ ಅಲ್ಲಾಡಲಿಲ್ಲ.

ಅಷ್ಟರಲ್ಲಿ ನಮ್ಮನ್ನು ಹುಡುಕಿಕೊಂಡು ಹಿರಿಯೂರಿನವರು ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಅವರನ್ನು ನೋಡಿ ಅಂಗಡಿಯವಳೂ ಕೈಮುಗಿದಳು. ನಾನು ನಿಜ ಹೇಳಲು ಬಾಯಿ ತೆರೆದೆ, ಅವರು ಸುಮ್ಮನಿರು ಎಂದು ಸನ್ನೆ ಮಾಡಿದರು.

ಪೂಜೆ ಮುಗಿಯಿತು. ಅವ್ವ ಅಂಗಡಿಯವಳು ಕೊಟ್ಟ ಎರಡು ಬಾಳೆಹಣ್ಣು ತಿಂದಳು, ಮಾತ್ರೆ ನುಂಗಿದಳು. ಸ್ವಲ್ಪ ಹೊತ್ತಿಗೆ ಕೈ ನಡುಗುವುದು ನಿಂತಿತು. ಹಿರಿಯೂರಿನವರು ಮೆಲ್ಲಗೆ ಮುಂದೆ ಬಂದು ಅವಳ ಕಾಲು ಮುಟ್ಟಿದರು.

"ಅವ್ವಾರೆ, ಇಂಥಾ ಭಕ್ತಿ ನಾನು ಕಂಡಿಲ್ಲ ಬಿಡ್ರಿ. ಹಿಂಗೆ ಕಣ್ಣೀರು ಸುರಿಸ್ಕಂಡು ದೇವರತ್ರ ಏನು ಬೇಡ್ಕಂಡ್ರಿ?"

ಅವ್ವ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಉರಿ ಬೇಗ ಆರ್ಲಪ್ಪ ಅಂತ."