ದನದ ಡಾಕ್ಟರ ಜೀಪು ಮತ್ತು ಅದರ ಹಿಂದಿನ ಎರಡು ಚಕ್ರ

ಗಾಡಿ ಕೆಟ್ಟಾಗ ಅಳುವ ಡ್ರೈವರುಗಳನ್ನು ನೋಡಿದ್ದೇನೆ. ನಾನು ಗಾಡಿ ರಿಪೇರಿಯಾಗಿ ಬಂದಾಗಲೆಲ್ಲ ಅಳುತ್ತಿದ್ದೆ. ಬೇಲೂರಿನಲ್ಲಿ ದನದ ಡಾಕ್ಟರ ಜೀಪು ಓಡಿಸಿದಷ್ಟು ವರ್ಷವೂ, ಒಂದು ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ವಕ್ಕರಿಸುತ್ತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪು ಅದು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗಬೇಕು. ಆದರೆ ಮುಂದಿನ ಎರಡರ ಸಂಬಂಧ ನನಗಿಂತ ಹಿಂದಿನ ಡ್ರೈವರ ಕಾಲಕ್ಕೇ ಕಡಿದುಹೋಗಿತ್ತು.

೧. ಮಾದಿಹಳ್ಳಿ ಗದ್ದೆ

ದೊಡ್ಡರೋಗ ಬಂದು ದನಗಳು ಸಾಯುತ್ತಿದ್ದ ಕಾಲ. ಲಸಿಕೆಯನ್ನು ಐಸಿನ ಡಬ್ಬದಲ್ಲಿಟ್ಟುಕೊಂಡು ಮಾದಿಹಳ್ಳಿ ಕಡೆ ಹೊರಟಿದ್ದೆವು. ಗದ್ದೆ ಬದಿಯ ದಾರಿಯಲ್ಲಿ ಬಲಗಡೆಯ ಹಿಂದಿನ ಚಕ್ರ ಕೆಸರಿಗಿಳಿದು ಗಿರಗಿರನೆ ತಿರುಗತೊಡಗಿತು. ಎಡಗಡೆಯದು ಗಟ್ಟಿ ನೆಲದ ಮೇಲೆ ಕದಲದೆ ನಿಂತಿತ್ತು.

"ಅದ್ಯಾಕಯ್ಯಾ ತಿರುಗ್ತಿಲ್ಲ?" ಅಂದರು ಡಾಕ್ಟರು.

"ಆಕ್ಸಲ್ ನಡುವೆ ಡಿಫರೆನ್ಷಿಯಲ್ ಅಂತ ಗುಂಡು ಇದೆಯಲ್ಲ ಸಾರ್, ಅದರ ಬುದ್ಧಿಯೇ ಹಾಗೆ. ಯಾವ ಚಕ್ರ ಸಲೀಸಾಗಿ ತಿರುಗುತ್ತೋ ಅದನ್ನೇ ತಿರುಗಿಸುತ್ತೆ."

ಬದುವಿನ ಮೇಲೆ ಕೂತಿದ್ದ ಮುದುಕ ರೈತ ಕೇಳಿಸಿಕೊಂಡ. "ಒಂದು ಗೇಯ್ತದೆ, ಒಂದು ನಿಂತು ನೋಡ್ತದೆ. ಇಂಥ ಜೋಡೀನ ನಾವು ಆ ವಾರದ ಸಂತೇಲೇ ಮಾರಿಬಿಡ್ತೀವಿ ಸ್ವಾಮಿ!"

ಕೊನೆಗೆ ಅವನ ಎತ್ತುಗಳೇ ಬಂದು ಎಳೆದವು. ಅಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು, ಐಸು ಕರಗಿ ಲಸಿಕೆ ಕೆಟ್ಟಿತ್ತು. ಡಾಕ್ಟರು ಡಬ್ಬದ ಮುಚ್ಚಳ ತೆಗೆದು, ನೀರನ್ನೇ ನೋಡುತ್ತಾ ಕೂತುಬಿಟ್ಟರು. ಮುದುಕನಿಗೆ ಕನಿಕರ ಹುಟ್ಟಿತು.

"ಬ್ಯಾಸರ ಮಾಡ್ಕಬ್ಯಾಡಿ ಡಾಕುಟ್ರೇ. ನೀವು ಬಂದಿದ್ರಿಂದ ನಮ್ ಎತ್ತಿಗೆ ಯಾವ ರೋಗಾನೂ ಇಲ್ಲ ಅಂತ ಗೊತ್ತಾಯ್ತು."

೨. ಬೆಸುಗೆ

ಅರಸೀಕೆರೆ ಸ್ಟೇಷನ್ನಿನ ಹಿಂದೆ ಒಬ್ಬ ಮೇಸ್ತ್ರಿ ಇದ್ದ, ಮಿಲಿಟರಿಯಲ್ಲಿ ಗಾಡಿ ಬಿಚ್ಚಿ ಜೋಡಿಸಿದವನು. ಗುಜರಿಯಿಂದ ದಪ್ಪನೆಯ ಆಕ್ಸಲ್ ಹುಡುಕಿ ತಂದು ಹಾಕಿದ. ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರಗಳನ್ನು ಒಂದಕ್ಕೊಂದು ಬೆಸೆದೇಬಿಟ್ಟ.

"ಇನ್ಮೇಲೆ ಎರಡೂ ಚಕ್ರ ಗಂಡ ಹೆಂಡ್ತಿ ಇದ್ದಂಗೆ. ಒಟ್ಟಿಗೇ ತಿರುಗ್ತವೆ ಸಾರ್."

ಡಾಕ್ಟರು ಬುದ್ಧಿವಂತರು. "ತಿರುವಿನಲ್ಲಿ ಹೊರಗಡೆ ಚಕ್ರ ಜಾಸ್ತಿ ದೂರ ಹೋಗಬೇಕಲ್ಲಪ್ಪಾ?"

"ಅಲ್ಲಿ ಒಂಚೂರು ಜಗಳ ಆಡ್ತವೆ."

"ಜಗಳ ಜೋರಾದ್ರೆ?"

ಮೇಸ್ತ್ರಿ ತನ್ನ ಶೆಡ್ಡಿನ ಕಡೆ ಕೈ ತೋರಿಸಿದ. "ತವರುಮನೆ ಇಲ್ಲೇ ಐತಲ್ಲ ಸಾರ್!"

೩. ಹಳೇಬೀಡಿನ ತಿರುವು

ಜಗಳ ಮೊದಲನೇ ವಾರವೇ ಹತ್ತಿಕೊಂಡಿತು. ಹಳೇಬೀಡಿನಲ್ಲಿ ನೂರಾರು ದನ ಹೊಡೆದುಕೊಂಡು ಬಂದು ಜನ ಕಾಯುತ್ತಿದ್ದರು. ಅವರಿದ್ದ ಕಡೆಗೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದೆ. ಜಲ್ಲಿಯ ಮೇಲೆ ಹಿಂದಿನ ಎರಡೂ ಚಕ್ರ ಒಂದಾಗಿ ನೂಕಿದವು, ಜೀಪು ನೆಟ್ಟಗೆ ನಡೆಯಿತು. ಬ್ರೇಕೋ, ಬಲು ನಿಧಾನಸ್ಥ. ಡಾಕ್ಟರು ಹೊರಗೆ ಬಾಗಿ ಎರಡೂ ಕೈ ಬೀಸುತ್ತಾ "ಸರೀರಪ್ಪಾ, ಸರೀರಿ!" ಅಂತ ಕೂಗಿದರು. ಗಾಡಿ ನಿಂತಿದ್ದು ಬಸ್ತಿಹಳ್ಳಿಯಲ್ಲಿ, ಬಸದಿಯ ಎದುರಿಗೆ.

ಕರೆಯದೆ ಡಾಕ್ಟರು ಬಂದರೆಂದು ಅಲ್ಲಿಯವರಿಗೆ ಹಿಗ್ಗೋ ಹಿಗ್ಗು. ಕೊಟ್ಟಿಗೆಯ ದನವನ್ನೆಲ್ಲ ಬಿಚ್ಚಿ ತಂದರು, ಲಸಿಕೆ ಅಲ್ಲೇ ಖಾಲಿಯಾಯಿತು. ಹಳೇಬೀಡಿನವರು ಮೇಲಕ್ಕೆ ಅರ್ಜಿ ಬರೆದರು: "ಸದರಿ ಡಾಕ್ಟರು ನಮ್ಮನ್ನು ಕಂಡೂ ನಿಲ್ಲದೆ, ಮಂತ್ರಿಗಳಂತೆ ಕೈ ಬೀಸಿಕೊಂಡು ಹೋದರು."

೪. ಲಾಕರು

ತವರುಮನೆಗೆ ಹೋದೆವು. ಮೇಸ್ತ್ರಿ ತಲೆ ಕೆರೆದುಕೊಂಡು, "ಡಿಫರೆನ್ಷಿಯಲ್ ಲಾಕರ್ ಅಂತ ಒಂದು ಸಾಮಾನು ಬತ್ತದೆ ಸಾರ್. ಬೇಕಾದಾಗ ಎರಡೂ ಚಕ್ರಾನ ಕಟ್ಟುತ್ತೆ, ಬ್ಯಾಡಾದಾಗ ಬಿಡುತ್ತೆ. ಅದನ್ನ ತರಿಸಿ" ಅಂದ. ಡಾಕ್ಟರು ಹೆಡ್ಡಾಫೀಸಿಗೆ ಬರೆದರು. ಓದಿದ ಪುಣ್ಯಾತ್ಮ ಯಾರೋ ಗೊತ್ತಾಗದ ಪದ ಬಿಟ್ಟು ಗೊತ್ತಾದ ಪದ ಇಟ್ಟುಕೊಂಡಿರಬೇಕು. ಎಂಟು ತಿಂಗಳ ಮೇಲೆ, ಲಾಕರು ಗೂಡ್ಸಿನಲ್ಲಿ ಅರಸೀಕೆರೆಗೆ ಬಂದಿದೆಯೆಂದು ಕಾಗದ ಬಂತು. ಇಬ್ಬರೂ ದೇವರಿಗೆ ಕೈಮುಗಿದು ಹೋದೆವು.

ಪ್ಲಾಟ್‌ಫಾರಂ ಮೇಲೆ ಆಳೆತ್ತರದ ಉಕ್ಕಿನ ಬೀರು ನಿಂತಿತ್ತು. ನಾಲ್ಕು ಬಾಗಿಲು, ಎಂಟು ಬೀಗದಕೈ.

ಡಾಕ್ಟರು ಒಂದು ಬಾಗಿಲು ತೆಗೆದು ಒಳಗೆ ಇಣುಕಿದರು, ಚಕ್ರಕ್ಕೆ ಹಾಕುವಂಥದ್ದು ಏನಾದರೂ ಇದೆಯೇನೋ ಅಂತ. ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಸ್ಟೇಷನ್ನಿನವರು ಸಹಿ ಹಾಕಿಸಿಕೊಂಡು ನಾಲ್ಕು ಕೂಲಿಗಳಿಂದ ಅದನ್ನು ಜೀಪಿಗೇರಿಸಿದರು. ಹಾರನಹಳ್ಳಿ ಹತ್ತಿರ 'ಫಟಾರ್' ಅಂತ ಆಕ್ಸಲ್ ಮುರಿಯಿತು, ಬೆಸುಗೆಯೂ ಒಡೆಯಿತು. ಬೀರು ಒಂದು ಎತ್ತಿನಗಾಡಿಯ ಮೇಲೆ, ಜೀಪು ಇನ್ನೊಂದು ಎತ್ತಿನಗಾಡಿಯ ಹಿಂದೆ, ನಾವಿಬ್ಬರೂ ಬಸ್ಸಿನಲ್ಲಿ ಬೇಲೂರು ಸೇರಿದೆವು. ಮಾರನೇ ದಿನದಿಂದ ಡಾಕ್ಟರು ಸೈಕಲ್ಲಿಗೆ ಐಸಿನ ಡಬ್ಬ ಕಟ್ಟಿಕೊಂಡು ಊರೂರು ಸುತ್ತಿದರು. ಎಷ್ಟೋ ದನ ಉಳಿದದ್ದು ಆ ಸೈಕಲ್ಲಿನಿಂದಲೇ.

ಅಷ್ಟರಲ್ಲಿ ಹೆಡ್ಡಾಫೀಸಿನಿಂದ ಕಾಗದ: "ಲಾಕರಿನಿಂದ ಜೀಪಿಗೆ ಆದ ಅನುಕೂಲವೇನು? ಕೂಡಲೇ ವರದಿ ಮಾಡಿ." ಡಾಕ್ಟರು ಅರ್ಧ ದಿನ ಯೋಚಿಸಿ, ನಿಟ್ಟುಸಿರು ಬಿಟ್ಟು ಬರೆದರು: "ಲಾಕರು ಬಂದಂದಿನಿಂದ ಜೀಪು ಒಮ್ಮೆಯೂ ಕೆಸರಿನಲ್ಲಿ ಹೂತುಕೊಂಡಿಲ್ಲ." ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಜೀಪು ನಮ್ಮ ಶೆಡ್ಡು ಬಿಟ್ಟು ಕದಲಿರಲಿಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ಡಾಕ್ಟರು ಓದಿ ಕಾಗದವನ್ನು ನನ್ನ ಕೈಗಿತ್ತು, ಮೇಜಿನ ಮೇಲೆ ತಲೆಯಿಟ್ಟರು.

"ನಿಮ್ಮ ವರದಿ ಓದಿ ಸಂತೋಷವಾಯಿತು. ಉಳಿದ ತಾಲ್ಲೂಕುಗಳ ಜೀಪುಗಳಿಗೂ ಇಂಥದೇ ಒಂದೊಂದು ಲಾಕರು ಕಳಿಸಲು ಹುಕುಂ ಮಾಡಲಾಗಿದೆ."