ಹಳಿ ಮೇಲಿನ ಜಂಟಿ ಕಾರ್ಯದರ್ಶಿ

"ತಾತ, ನಾನು ಮೆಟ್ರೋ ರೈಲು ಓಡಿಸ್ತೀನಿ. ಅರ್ಜಿ ಕೊಡೋಕೆ ಇವತ್ತು ಸಂಜೆ ಐದಕ್ಕೆ ಕೊನೆ" ಎಂದು ಮೊಮ್ಮಗಳು ಸಿಂಧೂರ ಹೇಳಿದಾಗ ದೇಶದ ರಾಜಧಾನಿಯ ಮಯೂರ್ ವಿಹಾರದಲ್ಲಿದ್ದ ಇಂದುಶೇಖರ ರಾಯರು ಏನು ಮಾಡಿದರು, ಊಹಿಸಿ ನೋಡೋಣ. ಬೈದರೇ? ಛೆ. ಊಟ ಬಿಟ್ಟರೇ? ಹಬ್ಬದ ಹೋಳಿಗೆ ಮಾಡಿದ್ದ ದಿನ ಅದು ಸಾಧ್ಯವೇ ಇರಲಿಲ್ಲ. ಅವರು ಒಂದು ಸಮಿತಿ ರಚಿಸಿದರು.

ರಾಯರು ನಿವೃತ್ತರಾದದ್ದು ಸಚಿವಾಲಯವೊಂದರ 'ವ್ಯಾಖ್ಯೆ ಮತ್ತು ಹೋಲಿಕೆ ವಿಭಾಗ'ದಿಂದ. ಮೇಜು ಎಂದರೇನು ಎಂಬುದನ್ನು ಆ ವಿಭಾಗ ವರ್ಷಗಟ್ಟಲೆ ಪರಿಶೀಲಿಸಿ, 'ಕುರ್ಚಿಯಲ್ಲದ್ದು' ಎಂದು ಆದೇಶ ಹೊರಡಿಸಿತ್ತು. ಅಲ್ಲಿಯವರೆಗೆ ಸಿಬ್ಬಂದಿ ಕಡತಗಳನ್ನು ತೊಡೆಯ ಮೇಲಿಟ್ಟುಕೊಂಡು ಬರೆದರು. ಯಾರೂ ದೂರಲಿಲ್ಲ.

ಹುಡುಗಿಯ ಅಪ್ಪ ಸಂದೀಪ ಮಾನೇಸರಿನ ಕಾರ್ಖಾನೆಯಿಂದ ಫೋನು ಮಾಡಿ, "ಅಪ್ಪ ಹೂಂ ಅಂದ್ರೆ ನಂದೂ ಹೂಂ" ಎಂದು ಕೈ ತೊಳೆದುಕೊಂಡಿದ್ದ. ಹೀಗಾಗಿ ಎಲ್ಲವೂ ಸಮಿತಿಯ ಮೇಲೆಯೇ ನಿಂತಿತು. ರಾಯರು ಅಧ್ಯಕ್ಷರು. ಪತ್ನಿ ಇಂದಿರಮ್ಮ ಸದಸ್ಯೆ, ಒಲೆಯ ಪಕ್ಕದಿಂದಲೇ ಹಾಜರಿ. ಹೋಳಿಗೆಗೆಂದು ಬಂದಿದ್ದ ಎದುರು ಫ್ಲಾಟಿನ ನಿವೃತ್ತ ಅಧಿಕಾರಿ ಬಸವರಾಜ ಹೊರಗಿನ ತಜ್ಞರು.

"ನೀನು ಐಎಎಸ್ ಬರೀಬೇಕು, ಜಂಟಿ ಕಾರ್ಯದರ್ಶಿ ಆಗ್ಬೇಕು ಅಂತ ನನ್ನಾಸೆ. ಅದಿರಲಿ. ಬರವಣಿಗೆಗಾಗಲಿ ಉದ್ಯೋಗಕ್ಕಾಗಲಿ ಕ್ರಮ ಒಂದೇ. ಮೊದಲು ವ್ಯಾಖ್ಯೆ, ಆಮೇಲೆ ಹೋಲಿಕೆ. ಟಿಪ್ಪಣಿ ಬರಿ" ಎಂದರು ರಾಯರು ಮೊಮ್ಮಗಳಿಗೆ.

"ಕನ್ನಡ ಬರೆಯೋಕೆ ಬರಲ್ಲ ತಾತ! ಟೈಮ್ ಭೀ ನಹೀ ಹೈ!"

"ನೀ ಹೇಳೇ, ನಾ ಬರ್ಕೋತೀನಿ" ಎಂದು ಇಂದಿರಮ್ಮ ಸೆರಗಿಗೆ ಕೈ ಒರೆಸಿ ಕೂತರು.

ರಾಯರು ಕಣ್ಣು ಮುಚ್ಚಿ ವ್ಯಾಖ್ಯೆ ಕೊಟ್ಟರು: "ಗೌರವದ ಹುದ್ದೆ ಎಂದರೆ, ಸಾರ್ವಜನಿಕರು ಪ್ರವೇಶಿಸಲಾಗದ ತಂಪಾದ ಪ್ರತ್ಯೇಕ ಕೋಣೆಯಲ್ಲಿ ಕುಳಿತು, ಮೇಲಿನಿಂದ ಸೂಚನೆ ಬಾರದೆ ಮುಂದುವರಿಯದೆ, ಹಾಕಿಕೊಟ್ಟ ದಾರಿಯನ್ನು ಯಾವ ಕಾರಣಕ್ಕೂ ಬಿಡದೆ ಮಾಡತಕ್ಕ ಕೆಲಸ." ಹೇಳುವಾಗ ಅವರ ಕಣ್ಣ ಮುಂದಿದ್ದದ್ದು ತಾವು ಕೊನೆಗೂ ತಲುಪದ ಜಂಟಿ ಕಾರ್ಯದರ್ಶಿಯ ಕೋಣೆ.

ಸಿಂಧೂರ ಗಡಿಯಾರ ನೋಡಿದಳು. ತಾತನನ್ನು ನೋಡಿದಳು. ಅವಳ ಮುಖ ಅರಳಿತು.

"ಅಜ್ಜಿ, ಬರ್ಕೋ. ಡ್ರೈವರ್ ಕ್ಯಾಬಿನ್‌ಗೆ ಪಬ್ಲಿಕ್ ಬರೋ ಹಾಗಿಲ್ಲ. ಎಸಿ ಇದೆ. ಸಿಗ್ನಲ್ ಬರದೆ ಹೊರಡೋ ಹಾಗಿಲ್ಲ. ಹಳಿ ಬಿಡೋ ಹಾಗಂತೂ ಇಲ್ಲವೇ ಇಲ್ಲ."

ರಾಯರು ಕಣ್ಣು ತೆರೆದರು. "ಸ್ಟೀರಿಂಗ್?"

"ಇಲ್ಲ ತಾತ."

"ಇಲ್ಲವೇ!" ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಸಾಹೇಬರಿಗೂ ಇರಲಿಲ್ಲ."

"ಒಂದು ನಿಮಿಷ," ಎಂದರು ಬಸವರಾಜ, ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ. "ರೈಲು ಚಲಿಸುತ್ತೆ. ನನ್ನ ಇಡೀ ಸೇವೆಯಲ್ಲಿ ಚಲಿಸಿದ ಜಂಟಿ ಕಾರ್ಯದರ್ಶೀನ ನಾನು ನೋಡಿಲ್ಲ. ಇದು ಗಂಭೀರ ದೋಷ."

ನಾಲ್ಕು ದಾಟಿತ್ತು. ಹುಡುಗಿಯ ಮುಖ ಬಿಳಿಚಿತು. ರಾಯರು ಕೋಣೆಯಲ್ಲಿ ಎರಡು ಸುತ್ತು ಹಾಕಿ ನಿಂತರು.

"ಮಗಳೇ, ದಿನದ ಕೊನೆಗೆ ಆ ರೈಲು ಎಲ್ಲಿರುತ್ತೆ?"

"ಬೆಳಿಗ್ಗೆ ಹೊರಟ ಡಿಪೋದಲ್ಲೇ, ತಾತ."

"ಹಾಗಾದರೆ ಅದನ್ನು ಚಲನೆ ಎನ್ನಲಾಗದು!" ರಾಯರು ಮೇಜು ಕುಟ್ಟಿದರು. "ಅದು ಪರಿಶೀಲನೆ. ಅನುಮೋದಿಸಲಾಗಿದೆ!"

ಬಸವರಾಜ ದೋಷ ಹಿಂಪಡೆದರು, ಇನ್ನೊಂದು ಹೋಳಿಗೆ ಪಡೆದರು. ಇಂದಿರಮ್ಮ ಮೊಮ್ಮಗಳಿಗೆ ದೃಷ್ಟಿ ತೆಗೆದರು. ಸಿಂಧೂರ ಮೆಟ್ಟಿಲು ಹಾರಿಕೊಂಡು ಇಳಿದು, ಆಟೋ ಭಯ್ಯಾನ ಪ್ರಾಣ ಹಿಂಡಿ, ಐದಕ್ಕೆ ಮುಂಚೆ ಅರ್ಜಿ ಕೊಟ್ಟು ಬಂದಳು.

ಅಷ್ಟರಲ್ಲಿ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ರಾಯರ ಪ್ರಕಟಣೆ ಬಿದ್ದಿತ್ತು: 'ಕುಮಾರಿ ಸಿಂಧೂರ ಜಂಟಿ ಕಾರ್ಯದರ್ಶಿಗೆ (ಹಳಿ ಮೇಲಿನ) ಸಮಾನಳೆಂದು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ.' ಆಯ್ಕೆ ಇನ್ನೂ ಆಗಬೇಕಷ್ಟೇ ಎಂಬ ಸಣ್ಣ ವಿಷಯವನ್ನು ಯಾರೂ ಎತ್ತಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದ ನೆರೆಮನೆಯ ಚಂದ್ರಪ್ರಭಾ, "ಅಷ್ಟು ಚಿಕ್ಕ ವಯಸ್ಸಿಗೇ!" ಎಂದು ಗಲ್ಲದ ಮೇಲೆ ಕೈಯಿಟ್ಟರು. ಸಿಂಧೂರ ಹಿಂದಿರುಗಿದಾಗ ಗೇಟಿನ ಕಾವಲುಗಾರ ಎದ್ದು ಸಲ್ಯೂಟ್ ಹೊಡೆದ.

ಬಸವರಾಜ ಮೆಟ್ಟಿಲ ಬಳಿಯೇ ಕಾದಿದ್ದರು, ಕೈಯಲ್ಲಿ ಮನವಿ ಪತ್ರ ಹಿಡಿದು.

"ಮೇಡಂ, ನಮ್ಮ ಅಳಿಯನ ವರ್ಗಾವಣೆ ವಿಷಯ..."

"ಮೇಲಿನಿಂದ ಸೂಚನೆ ಬರಲಿ ಅಂಕಲ್, ನೋಡೋಣ" ಎಂದಳು ಸಿಂಧೂರ.

ಬಸವರಾಜ ತೃಪ್ತರಾಗಿ ಮನೆಗೆ ಹೋದರು. ಇದೆಲ್ಲ ನಡೆದದ್ದು 2009ನೇ ಇಸವಿ ಜುಲೈ 31, ಶುಕ್ರವಾರ.