ಹೊನ್ನಯ್ಯನ ಕಣ್ಣಿಗೆ ಹೊನಗೊನ್ನೆ

ಹೊನ್ನಯ್ಯನಿಗೆ ಗ್ಲಕೋಮಾ ಇದೆಯೆಂದು ಹೇಳಿದ್ದು ಮಂಡ್ಯದ ಡಾಕ್ಟರು. ಅದನ್ನು ಪವರ್‌ಹೌಸಿನ ಊರಾದ ಬ್ಲಫ್‌ನ ಬೀದಿಗೆಲ್ಲ ಹೇಳಿದ್ದು ಹೆಂಡತಿ ಪಟ್ಟಲಮ್ಮ. ಕಣ್ಣಿನ ನರ ಸವೆಯುತ್ತಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಾ ಡ್ರಾಪ್ಸ್ ಹಾಕಿಕೊಳ್ಳಿ ಎಂದಿದ್ದರು ಡಾಕ್ಟರು. ಬೀದಿಯವರಿಗೆ ಡ್ರಾಪ್ಸ್ ಸಾಲದೆನ್ನಿಸಿತು. ಒಬ್ಬರು ಒಂದೆಲಗ ಅರೆದು ತಂದರು, ಇನ್ನೊಬ್ಬರು ನುಗ್ಗೆಸೊಪ್ಪಿನ ರಸ. ಪಕ್ಕದ ಮನೆಯ ಮರಿತಾಯಮ್ಮನದು ಹೊನಗೊನ್ನೆ ಸೊಪ್ಪಿನದು. ಅದನ್ನು ಹೊತ್ತು ಹುಟ್ಟುವ ಮುಂಚೆ ಬರಿಹೊಟ್ಟೆಯಲ್ಲಿ ಕುಡಿಯಬೇಕು, ಕುಡಿಯುವುದನ್ನು ಅವಳು ನಿಂತು ನೋಡಬೇಕು. ಪವರ್‌ಹೌಸಿನಲ್ಲಿ ಸೆಕೆಂಡ್ ಶಿಫ್ಟು ಮುಗಿಸಿ ನಡುರಾತ್ರಿ ಬಂದು ಮಲಗುವ ಹೊನ್ನಯ್ಯ ಕಣ್ತುಂಬ ನಿದ್ದೆ ಮಾಡಿ ತಿಂಗಳುಗಳಾಗಿದ್ದವು. ಅವನ ಕಣ್ಣು ಉಳಿಸಲು ಹೊರಟವರು ಯಾರೂ ಅವನಿಗೆ ಕಣ್ಣು ಮುಚ್ಚಲು ಬಿಡುತ್ತಿರಲಿಲ್ಲ.

ಮತ್ತೆ ಪರೀಕ್ಷೆಯ ದಿನ ಬಂತು. ಡಾಕ್ಟರ ಬಾಯಲ್ಲೇ 'ಸೊಪ್ಪು ಬೇಡ' ಅನ್ನಿಸಿದರೆ ಬದುಕಿಕೊಂಡೆ ಎಂದುಕೊಂಡು ಬಸ್ಸು ಹತ್ತಿದ. ಮರಿತಾಯಮ್ಮನೂ ರಸದ ಬಾಟ್ಲಿ ಹಿಡಿದು ಹತ್ತಿದಳು.

ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಮೆಷಿನ್ನಿಗೆ ಗದ್ದ ಊರಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಒತ್ತದೆ ಬಿಟ್ಟ ಚುಕ್ಕಿಯ ಜಾಗ ಹಾಳೆಯಲ್ಲಿ ಕಪ್ಪಾಗಿ ಬರುತ್ತದೆ. ಟೆಕ್ನಿಷಿಯನ್ ಫರ್ದೀನ್ ಶುರುಮಾಡಿಕೊಟ್ಟು, ಫೋನು ಬಂತೆಂದು ಆಚೆ ಹೋದ. ಫ್ಯಾನು ತಣ್ಣಗೆ ತಿರುಗುತ್ತಿತ್ತು. ಕುಡಿ ಎನ್ನುವವರು ಯಾರೂ ಇರಲಿಲ್ಲ. ಅಷ್ಟು ಹಾಯಾದ ಜಾಗವನ್ನು ಹೊನ್ನಯ್ಯ ಈಚೆಗೆ ಕಂಡಿರಲಿಲ್ಲ. ಗದ್ದ ಊರಿದಲ್ಲೇ ನಿದ್ದೆಹೋದ.

ಬಂದ ಹಾಳೆ ಪೂರಾ ಕಪ್ಪು. ಬಾಗಿಲಲ್ಲಿ ಇಣುಕಿದ ಮರಿತಾಯಮ್ಮ, ಹೊನ್ನಯ್ಯನ ಕಣ್ಣು ಹೋಯಿತೆಂದು ಊರಿಗೆ ಫೋನು ಮಾಡಿಬಿಟ್ಟಳು. ಆ ಕಡೆಯಿಂದ ಪಟ್ಟಲಮ್ಮನ ಅಳು ಕೇಳಿಸಿತು. ಕಪ್ಪಾದದ್ದು ನಿದ್ದೆಯಿಂದಲೋ, ನಿಜಕ್ಕೂ ಕಣ್ಣೇ ಹೋಗುತ್ತಿದೆಯೋ ಎಂದು ಅವನಿಗೂ ಭಯ ಹತ್ತಿತು. ಊಟ ಮಾಡಿ ಬನ್ನಿ, ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರು. ವರಾಂಡದಲ್ಲಿ ಮರಿತಾಯಮ್ಮ ಬಾಟ್ಲಿ ಪೂರ್ತಿ ಕುಡಿಸಿದಳು. ಬೇಡವೆನ್ನುವ ಧೈರ್ಯ ಅವನಿಗಿರಲಿಲ್ಲ.

ಎರಡನೇ ಸಲ ಫರ್ದೀನ್ ಪಕ್ಕದಲ್ಲೇ ಕೂತ. ಹಾಳೆ ಮೊದಲು ಕಾಯಿಲೆ ಕಂಡಾಗಿನ ಹಾಗೇ ಬಂತು, ಹೆಚ್ಚೇನೂ ಕೆಟ್ಟಿರಲಿಲ್ಲ. ಹೊನ್ನಯ್ಯನಿಗೆ ಅಳುವೇ ಬಂತು. ಡ್ರಾಪ್ಸ್ ಕೆಲಸ ಮಾಡುತ್ತಿದೆ ಎಂದರು ಡಾಕ್ಟರು. ಗಿಡಗಳಲ್ಲಿ ನರ ಕಾಯುವ ಅಂಶವೇನಾದರೂ ಇದೆಯೇ ಎಂದು ಸಂಶೋಧನೆ ನಡೆದಿದೆ, ಮನುಷ್ಯರಲ್ಲಿ ಇನ್ನೂ ಗಟ್ಟಿ ಪುರಾವೆ ಇಲ್ಲ, ಸೊಪ್ಪನ್ನು ಸಾರು ಮಾಡಿಕೊಂಡು ಉಣ್ಣಿ ಎಂದೂ ಹೇಳಿದರು.

ಮರಿತಾಯಮ್ಮ ಎರಡು ಹಾಳೆಯನ್ನೂ ಮೇಜಿನ ಮೇಲಿಟ್ಟಳು. "ಡಾಕ್ಟ್ರೇ, ಬರೀ ಡ್ರಾಪ್ಸ್ ಆಕ್ಕಂಡು ಬಂದಾಗ ಇದು. ನಾನು ಒನಗೊನ್ನೆ ಕುಡ್ಸಿದ್ ಮ್ಯಾಲೆ ಇದು. ನೀವೇ ನೋಡಿ."

ಬೇರೆ ದಾರಿ ಕಾಣದೆ ಹೊನ್ನಯ್ಯ ನಿಜ ಹೇಳಿದ. ನಿದ್ದೆಹೋಗಿದ್ದೆ, ಅದಕ್ಕೇ ಕಪ್ಪಾಯಿತು ಎಂದ. ಹಾಗೇ ಆಗುತ್ತದೆ ಎಂದು ಡಾಕ್ಟರೂ ತಲೆಯಾಡಿಸಿದರು. ಮರಿತಾಯಮ್ಮ ಹಾಳೆ ಬಿಟ್ಟು ಫೋನು ಹಿಡಿದು ಆಚೆ ಹೋದಳು. ಗೆದ್ದೆನೆಂದುಕೊಂಡ ಹೊನ್ನಯ್ಯ ವಾಪಸು ಬಸ್ಸಿನಲ್ಲಿ ನೆಮ್ಮದಿಯಾಗಿ ತೂಕಡಿಸತೊಡಗಿದ. ಮಳವಳ್ಳಿ ಬರುವವರೆಗೂ ಅವಳು ತಿವಿದು ತಿವಿದು ಎಬ್ಬಿಸಿದಳು. ಯಾಕೆಂದು ಅವನಿಗೆ ತಿಳಿಯಲಿಲ್ಲ.

ಬ್ಲಫ್‌ನಲ್ಲಿ ಇಳಿದಾಗ ಇಡೀ ಬೀದಿ ಕಾಯುತ್ತಿತ್ತು. ಪಟ್ಟಲಮ್ಮ ಕಣ್ಣೊರೆಸಿಕೊಂಡು ರಸದ ಲೋಟ ಮುಂದೆ ಹಿಡಿದಳು.

"ಮರಿತಾಯಕ್ಕ ಫೋನಲ್ಲಿ ಎಲ್ಲಾ ಯೋಳುದ್ಲು. ನೀವು ನಿದ್ದೆ ಮಾಡಿದ್ಕೇ ಕಣ್ಣು ಕಪ್ಪಾಯ್ತಂತಲ್ಲ, ಡಾಕ್ಟ್ರೂ ಊಂ ಅಂದ್ರಂತೆ. ಎದ್ರುಕೋಬ್ಯಾಡಿ. ಇನ್ಮ್ಯಾಲೆ ರಾತ್ರಿಯೆಲ್ಲ ಸರದಿ ಮ್ಯಾಲೆ ಒಬ್ಬೊಬ್ರು ಬಂದು ನಿಮ್ಮುನ್ನ ಎಬ್ಬುಸ್ತಾರೆ."